ಅಪರೂಪಕ್ಕೆ ಹಿಡಿಯುವ ಕೈಗೆ ಎಂಥ ಸುತ್ತಿಗೆ?

ಮನೆಗೆ ಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಸುತ್ತಿಗೆಗೆ ಎಂದೂ ಜಾಗ ಇರುವುದಿಲ್ಲ. ಹೊಸ ಮನೆಗೆ ಹೋಗುವಾಗ ಮಿಕ್ಸರ್, ಪರದೆ, ಚಪ್ಪಲಿ ಇಡುವ ಸ್ಟ್ಯಾಂಡ್ ಎಲ್ಲವೂ ನೆನಪಾಗುತ್ತವೆ. ಸುತ್ತಿಗೆ ನೆನಪಾಗುವುದು ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ಗೋಡೆಯ ಮುಂದೆ ನಿಂತಾಗಲೇ. ಆಗ ಅಡುಗೆಮನೆಯಿಂದ ಕುಟ್ಟಾಣಿಯ ಗುಂಡು ಬರುತ್ತದೆ, ಇಲ್ಲವೇ ಸ್ಕೂಟರಿನ ಡಿಕ್ಕಿಯಿಂದ ಪಾನಾ, ಅದೂ ಸಿಗದಿದ್ದರೆ ಬಾಗಿಲಿನ ಬೀಗ. ಮೊಳೆ ಸೊಟ್ಟಗಾಗುತ್ತದೆ, ಗಿಲಾವು ಉದುರುತ್ತದೆ, ಹಿರಿಯರು ಯಾರಾದರೂ ‘ಒಂದು ಸುತ್ತಿಗೆ ತಂದಿಡಬಾರದೇ’ ಎನ್ನುತ್ತಾರೆ. ಮರುದಿನ ಸಂಜೆ ತರಕಾರಿ ಚೀಲದ ಜೊತೆಗೆ ಕಣ್ಣಿಗೆ ಬಿದ್ದ ಮೊದಲ ಸುತ್ತಿಗೆಯೂ ಮನೆ ಸೇರುತ್ತದೆ. ನೂರು ಸಲ ಅಂಗಡಿ ಅಲೆದು ಮೊಬೈಲ್ ಆರಿಸುವವರೂ ಸುತ್ತಿಗೆಯನ್ನು ಹೀಗೆಯೇ ತರುತ್ತಾರೆ. ಮೊಬೈಲ್ ಮೂರು ವರ್ಷಕ್ಕೆ ಹೋಗುತ್ತದೆ. ಸುತ್ತಿಗೆ ಒಳ್ಳೆಯದಿದ್ದರೆ ಮೊಮ್ಮಕ್ಕಳ ಕೈಗೂ ಬರುತ್ತದೆ.

ಹಳೆಯ ಮನೆಗಳಿಗೆ ಈ ರಗಳೆ ಅಷ್ಟಾಗಿ ಇರಲಿಲ್ಲ. ಬೆಳಗಾವಿಯ ಶಹಾಪುರದ ಓಣಿಗಳಲ್ಲಿ, ಖಾನಾಪುರದ ಕಡೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಜಂಬಿಟ್ಟಿಗೆಯ ಮನೆಗಳ ಗೋಡೆ ನೋಡಿ. ಕಟ್ಟುವಾಗಲೇ ಅಂಗಿ ತೂಗುಹಾಕಲು ಗೂಟ, ದೀಪಕ್ಕೆ ಗೂಡು, ಡಬ್ಬಿಗಳ ಸಾಲಿಗೆ ನಾಗಂದಿಗೆ ಎಲ್ಲವನ್ನೂ ಕೂರಿಸಿಬಿಡುತ್ತಿದ್ದರು. ಆಮೇಲೆ ಗೋಡೆಗೆ ಮೊಳೆ ತೋರಿಸುವ ಪ್ರಸಂಗ ಬರುತ್ತಿದ್ದುದೇ ಅಪರೂಪ. ಈಗಿನ ಮನೆಗಳ ಗೋಡೆ ಬೋಳು. ದೇವರ ಪಟ, ಕ್ಯಾಲೆಂಡರ್, ಮಕ್ಕಳ ಪದಕ, ವೈ-ಫೈ ಪೆಟ್ಟಿಗೆ, ಹಬ್ಬದ ತೋರಣ ಎಲ್ಲಕ್ಕೂ ಮೊಳೆಯೇ ಬೇಕು. ಮೊಳೆ ಹೊಡೆಯಬಲ್ಲ ಕೈಗಳು ಮಾತ್ರ ಕಡಿಮೆಯಾಗಿವೆ.

ಸುತ್ತಿಗೆಯ ಬಗ್ಗೆ ತಿಳಿಯಬೇಕಾದರೆ ಬಡಿಗರನ್ನು ಕೇಳುವುದು ವಾಡಿಕೆ. ಆದರೆ ಬಡಿಗರ ಉತ್ತರ ಬಡಿಗರಿಗೆ ಸರಿ. ದಿನವಿಡೀ ಸುತ್ತಿಗೆ ಬೀಸುವ ಕೈ ಬೇರೆ, ಗಣೇಶನ ಹಬ್ಬಕ್ಕೊಮ್ಮೆ ದೀಪಾವಳಿಗೊಮ್ಮೆ ಹಿಡಿಯುವ ಕೈ ಬೇರೆ. ನುರಿತ ಕೈ ಸುತ್ತಿಗೆಯ ದೋಷವನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ತಲೆ ತುಸು ಓರೆಯಾಗಿ ಕೂತಿದ್ದರೆ ಬಡಿಗನ ಮಣಿಕಟ್ಟೂ ಅಷ್ಟೇ ಓರೆಯಾಗುತ್ತದೆ, ಅವನಿಗೆ ಅದರ ಅರಿವೂ ಇರುವುದಿಲ್ಲ. ನಮ್ಮಂಥವರ ಕೈಗೆ ಆ ಚಾಕಚಕ್ಯತೆ ಇಲ್ಲ. ‘ಮನೆಗೆ ತಾನೇ, ಯಾವುದಾದರೇನು’ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಕೈ ಹಸಿಯಾಗಿದ್ದಷ್ಟೂ ಉಪಕರಣ ಪಳಗಿದ್ದಿರಬೇಕು. ಸಮಾಧಾನವೆಂದರೆ ಸುತ್ತಿಗೆಯಲ್ಲಿ ನೋಡಬೇಕಾದ ಸಂಗತಿಗಳು ಕೆಲವೇ. ಅವು ಸರಿಯಿದ್ದರೆ ಉಳಿದ ಬಣ್ಣ, ಬೆಡಗು, ರಬ್ಬರಿನ ಉಬ್ಬುಗಳಿಗೆ ದುಡ್ಡು ಸುರಿಯಬೇಕಿಲ್ಲ.

ಮೊದಲು ತೂಕ. ಒಂದು ಕಡೆ ಬಡಿಯುವ ಮುಖ, ಇನ್ನೊಂದು ಕಡೆ ಮೊಳೆ ಕೀಳುವ ಪಂಜ ಇರುವ ಸಾಮಾನ್ಯ ಸುತ್ತಿಗೆಯ ತಲೆ ಬಹುತೇಕ 450 ಗ್ರಾಂ ತೂಗುತ್ತದೆ. ಇದು ಹಳೆಯ ಲೆಕ್ಕದ 16 ಔನ್ಸ್, ಅಂದರೆ ಒಂದು ಪೌಂಡು. ಇದಕ್ಕಿಂತ ಕೆಳಗೆ 225-250 ಗ್ರಾಮಿನ ಕಿರಿಯದು, ಮೇಲೆ 560 ಗ್ರಾಮಿನ ಹಿರಿಯದು ಸಿಗುತ್ತವೆ. ಅಂಗಡಿಗೆ ಹೋದ ಗಂಡಸರು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಇದ್ದುದರಲ್ಲಿ ಭಾರವಾದುದನ್ನು ಎತ್ತಿ, ಗಾಳಿಯಲ್ಲಿ ಎರಡು ಸಲ ಬೀಸಿ, ‘ಇದು ಗಟ್ಟಿ ಮಾಲು’ ಎನ್ನುವುದು. ನನ್ನನ್ನು ಕೇಳಿದರೆ, ಮನೆಯಲ್ಲಿ ಎಲ್ಲರಿಗಿಂತ ತೆಳುವಾದ ಮಣಿಕಟ್ಟು ಯಾರದೋ ಅವರ ಕೈಗೆ ಕೊಟ್ಟು ನೋಡಿ ಕೊಳ್ಳಬೇಕು. ನಮ್ಮ ಮನೆಯಲ್ಲಿ ಸುತ್ತಿಗೆಯನ್ನು ಹೆಚ್ಚು ಹುಡುಕುವವರು ನನ್ನ ತಾಯಿ. ತೋರಣದ ಮೊಳೆ, ಸಡಿಲಾದ ಮಣೆಯ ಕಾಲು, ಮಳೆಗಾಲದಲ್ಲಿ ಉಬ್ಬಿ ಜಾಮಾದ ಚಿಲಕ ಎಲ್ಲವೂ ಅವರ ಪಾಲಿನವು. ನಾನು ಕಚೇರಿಯಿಂದ ಬರುವವರೆಗೆ ಕಾಯುವ ಜಾಯಮಾನ ಅವರದಲ್ಲ. ಅವರಿಗೆ ಒಪ್ಪುವ ಸುತ್ತಿಗೆ ನನಗೂ ನಡೆಯುತ್ತದೆ. ನನಗೆ ಒಪ್ಪುವುದು ಅವರಿಗೆ ನಡೆಯಲೇಬೇಕೆಂದಿಲ್ಲ.

ಭಾರವಿದ್ದರೆ ಏಟು ಜೋರು ಎಂಬ ನಂಬಿಕೆಯೂ ಅರ್ಧ ಮಾತ್ರ ನಿಜ. ಹೈಸ್ಕೂಲಿನಲ್ಲಿ ಕಲಿತ ಚಲನಶಕ್ತಿಯ ಸೂತ್ರ ನೆನಪಿಸಿಕೊಳ್ಳಿ: ತೂಕ ಇಮ್ಮಡಿಯಾದರೆ ಶಕ್ತಿ ಇಮ್ಮಡಿ, ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. 450 ಗ್ರಾಮಿನ ತಲೆ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬಂದು ಬಡಿದರೆ ಸುಮಾರು 5.6 ಜೂಲ್ ಶಕ್ತಿ. ಅದರ ಎರಡು ಪಟ್ಟು ಭಾರದ, 900 ಗ್ರಾಮಿನ ತಲೆಯನ್ನು ಕೈ ಸೋತು 3.5 ಮೀಟರ್ ವೇಗದಲ್ಲಷ್ಟೇ ಬೀಸಿದರೆ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಗುರಿ ತಪ್ಪಿದಾಗ ಹೆಬ್ಬೆರಳಿಗೆ ಆಗುವ ಗತಿ ಬೇರೆ. ಹಾಗೆಂದು ತೀರ ಹಗುರವೂ ಬೇಡ. 225 ಗ್ರಾಮಿನದರಲ್ಲಿ ಎರಡಂಗುಲದ ಮೊಳೆ ಇಳಿಸಲು ಹತ್ತಾರು ಏಟು ಬೇಕಾಗುತ್ತವೆ, ಪ್ರತಿ ಏಟೂ ಮೊಳೆ ಓರೆಯಾಗಲು ಇನ್ನೊಂದು ಅವಕಾಶ. 450 ಗ್ರಾಂ ಎಂಬುದು ಇಷ್ಟು ಕಾಲ ಬಳಕೆಯಲ್ಲಿ ಉಳಿದು ಬಂದಿರುವುದು ಸುಮ್ಮನೆ ಅಲ್ಲ.

ಇನ್ನು ಕಬ್ಬಿಣ. ಬೆಳಗಾವಿಯಲ್ಲಿ ಕೂತು ಕಬ್ಬಿಣದ ವಿಷಯವನ್ನು ನಾಲ್ಕು ಸಾಲಿನಲ್ಲಿ ಮುಗಿಸುವುದು ನನ್ನಿಂದಾಗದು. ಇದು ಫೌಂಡ್ರಿಗಳ ಊರು. ಉದ್ಯಮಬಾಗದ ರಸ್ತೆಗಳಲ್ಲಿ ನಡೆದರೆ ಸುಟ್ಟ ಮರಳಿನ ವಾಸನೆ ಮೂಗಿಗೆ ಬಡಿಯುತ್ತದೆ. ಮರಳಿನ ಅಚ್ಚಿಗೆ ಕರಗಿದ ಬೀಡು, ಅಂದರೆ ಎರಕದ ಕಬ್ಬಿಣ ಸುರಿದು, ತಣಿದ ಮೇಲೆ ಒಡೆದು, ಉಜ್ಜಿ, ಲೇತಿಗೆ ಹಾಕಿ ಮಾಡಿದ ಬಿಡಿಭಾಗಗಳು ಇಲ್ಲಿಂದ ವಾಹನಗಳಿಗೆ, ಪಂಪುಗಳಿಗೆ, ವಾಲ್ವುಗಳಿಗೆ ಹೋಗುತ್ತವೆ. ಎರಕದ ಕೆಲಸದಲ್ಲಿ ಈ ಊರಿನ ಕೈ ಪಳಗಿದೆ. ಇಷ್ಟು ಹೆಮ್ಮೆಯಿಂದ ಹೇಳಿದ ಮೇಲೆ ಮುಂದಿನ ಮಾತು ವಿಚಿತ್ರವಾಗಿ ಕೇಳಿಸಬಹುದು: ಎರಕದ ಕಬ್ಬಿಣದ ಸುತ್ತಿಗೆಯನ್ನು ಮಾತ್ರ ಕೊಳ್ಳಬೇಡಿ.

ಬೀಡಿನಲ್ಲಿ ಇಂಗಾಲ ಶೇಕಡಾ 2ಕ್ಕಿಂತ ಹೆಚ್ಚು, ಸಾಮಾನ್ಯವಾಗಿ 3ರ ಆಸುಪಾಸು ಇರುತ್ತದೆ. ಲೋಹ ತಣಿಯುವಾಗ ಆ ಇಂಗಾಲ ಗ್ರಾಫೈಟಿನ ಸಣ್ಣ ಸಣ್ಣ ಹಕ್ಕಳೆಗಳಾಗಿ ಒಳಗೆಲ್ಲ ಹರಡಿಕೊಳ್ಳುತ್ತದೆ. ಪೆನ್ಸಿಲಿನ ಕಡ್ಡಿಯಲ್ಲಿರುವ ಅದೇ ಗ್ರಾಫೈಟ್. ಈ ಹಕ್ಕಳೆಗಳು ಕಂಪನವನ್ನು ನುಂಗುತ್ತವೆ. ಲೇತ್ ಯಂತ್ರದ ಹಾಸಿಗೆ, ಪಂಪಿನ ಕವಚಕ್ಕೆ ಬೀಡು ಹೇಳಿ ಮಾಡಿಸಿದಂತಿರುವುದು ಅದರಿಂದಲೇ. ಮೇಲೆ ಹೇರಿದ ಭಾರವನ್ನು ಅದು ಚೆನ್ನಾಗಿ ತಡೆದುಕೊಳ್ಳುತ್ತದೆ. ತಡೆಯದಿರುವುದು ಎಳೆತವನ್ನು ಮತ್ತು ಹಠಾತ್ ಏಟನ್ನು. ಗ್ರಾಫೈಟಿನ ಪ್ರತಿ ಹಕ್ಕಳೆಯ ಅಂಚಿನಿಂದಲೂ ಬಿರುಕು ಹೊರಡಲು ಸಿದ್ಧವಾಗಿರುತ್ತದೆ. ತುಕ್ಕು ಹಿಡಿದ ಮೊಳೆಯನ್ನು ಪಂಜದಿಂದ ಮೀಟುವಾಗ ಪಂಜದ ಬುಡಕ್ಕೆ ಬೀಳುವುದು ಇಂಥದೇ ಎಳೆತ. ಬೀಡಿನ ಸುತ್ತಿಗೆ ಬಾಗಿ ಸೂಚನೆ ಕೊಡುವುದಿಲ್ಲ. ಟಪ್ಪನೆ ತುಂಡಾಗಿ ಬೀಳುತ್ತದೆ.

ಸುತ್ತಿಗೆಗೆ ಬೇಕಾದುದು ಉಕ್ಕು. ಅದರಲ್ಲಿ ಇಂಗಾಲ ಶೇಕಡಾ ಅರ್ಧದ ಸುತ್ತಮುತ್ತ ಇದ್ದರೆ ಸಾಕು. ಉಕ್ಕಿನ ತುಂಡನ್ನು ಕೆಂಪಗೆ ಕಾಯಿಸಿ, ಎರಡು ಅಚ್ಚುಗಳ ನಡುವೆ ಬಡಿದು ರೂಪ ಕೊಡುತ್ತಾರೆ. ಆಮೇಲೆ ಬಡಿಯುವ ಮುಖವನ್ನು ಮತ್ತೆ ಕಾಯಿಸಿ ಒಮ್ಮೆಲೇ ತಣಿಸಿ ಗಡಸು ಮಾಡುತ್ತಾರೆ. ಬರೀ ಗಡಸು ಮಾಡಿ ಬಿಟ್ಟರೆ ಅದು ಗಾಜಿನಂತೆ ಸಿಡಿಯುತ್ತದೆ, ಆದ್ದರಿಂದ ಇನ್ನೊಮ್ಮೆ ಮೆಲ್ಲಗೆ ಕಾಯಿಸಿ ಹದ ಕೊಡುತ್ತಾರೆ. ಹಿಡಿ ತೂರುವ ಕಣ್ಣಿನ ಸುತ್ತಲಿನ ಭಾಗವನ್ನು ಮೆತ್ತಗೆ ಇರಗೊಡುತ್ತಾರೆ. ಒಂದೇ ತುಂಡಿನಲ್ಲಿ ಒಂದು ಕಡೆ ಗಡಸು, ಒಂದು ಕಡೆ ಜಿಗುಟು. ಸುತ್ತಿಗೆಗೆ ನಾವು ಕೊಡುವ ಹಣದ ಬಹುಪಾಲು ಸಲ್ಲಬೇಕಾದುದು ಈ ಬೆಂಕಿಯ ಕೆಲಸಕ್ಕೆ. ನಮ್ಮ ಹಳ್ಳಿಗಳ ಕಮ್ಮಾರರು ಲಾರಿಯ ಹಳೆಯ ಸ್ಪ್ರಿಂಗ್ ಪಾಟಾ ಕತ್ತರಿಸಿ ಕುಡಗೋಲು ಮಾಡುವಾಗ ಅದರ ಬಾಯಿಗೆ ಕೊಡುವುದೂ ಇದೇ ಹದ. ಸುತ್ತಿಗೆಯ ವ್ಯಾಪಾರ ಮಾತ್ರ ದೊಡ್ಡ ಕಾರ್ಖಾನೆಗಳ ಪಾಲಾಗಿದೆ. ಪಂಜಾಬಿನ ಜಲಂಧರ, ರಾಜಸ್ಥಾನದ ನಾಗೌರ್ ಕೈ ಉಪಕರಣಗಳಿಗೆ ಹೆಸರಾದ ಊರುಗಳು. ಎಲ್ಲರಿಗೂ ಗೊತ್ತಿರುವ ಉಪಕರಣಗಳ ಕಂಪನಿ ತಪಾರಿಯಾದ ಕಾರ್ಖಾನೆ ಇರುವುದು ನಾಸಿಕ್‌ನಲ್ಲಿ. ಕಬ್ಬಿಣ ಕರಗಿಸುವ ಊರಿನವರು ಸುತ್ತಿಗೆಗೆ ನಾಸಿಕ್ ಕಡೆ ನೋಡಬೇಕು.

ಕೊಳ್ಳುವಾಗ ಇದನ್ನೆಲ್ಲ ಕಂಡುಹಿಡಿಯುವುದು ಹೇಗೆ? ರವಿವಾರ ಪೇಟೆಯ ಸುತ್ತಿನ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕಂಡ ದೃಶ್ಯವೊಂದನ್ನು ಹೇಳುತ್ತೇನೆ. ಯುವಕನೊಬ್ಬ ಸುತ್ತಿಗೆ ಕೇಳಿದ್ದ. ಅಂಗಡಿಯವರು ಎರಡನ್ನು ಗಾಜಿನ ಮೇಲೆ ಇಟ್ಟರು. ಎರಡಕ್ಕೂ ಒಂದೇ ಕಪ್ಪು ಬಣ್ಣ, ಒಂದೇ ಆಕಾರ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಕೀಲು ಕೊಳ್ಳಲು ಬಂದಿದ್ದ ವಯಸ್ಸಾದ ಬಡಿಗರೊಬ್ಬರು ಪಕ್ಕದಲ್ಲೇ ನಿಂತಿದ್ದರು. ಯಾರೂ ಕೇಳದಿದ್ದರೂ ಒಂದನ್ನು ಎತ್ತಿಕೊಂಡು, ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ತೂಗಾಡಿಸಿ, ಗಲ್ಲೆಯ ಮೇಲಿದ್ದ ಒಂದು ಬೋಲ್ಟಿನಿಂದ ತಲೆಗೆ ತಟ್ಟಿದರು. ‘ಠಣ್’ ಎಂದು ಸದ್ದು ಎಳೆದುಕೊಂಡು ಹೋಯಿತು. ಇನ್ನೊಂದಕ್ಕೆ ತಟ್ಟಿದರು. ‘ದಬ್’ ಎಂದು ಅಲ್ಲೇ ಸತ್ತಿತು. ಎರಡನೆಯದನ್ನು ಗಾಜಿನ ಮೇಲೆ ಇಟ್ಟು ಏನೂ ಹೇಳದೆ ಕೀಲುಗಳನ್ನು ಎಣಿಸಿಕೊಳ್ಳತೊಡಗಿದರು. ಅಂಗಡಿಯವರು ನಕ್ಕು, ‘ಕಾಕಾ, ನಮ್ಮ ಗಿರಾಕಿಯನ್ನು ಕೆಡಿಸಬೇಡಿ’ ಎಂದರು.

ಕಂಪನವನ್ನು ನುಂಗುವ ಬೀಡಿನ ಗುಣವೇ ಇಲ್ಲಿ ಅದರ ಗುಟ್ಟನ್ನು ಬಿಟ್ಟುಕೊಡುತ್ತದೆ. ತಲೆ ಸಡಿಲವಾಗಿದ್ದರೆ ಉಕ್ಕೂ ಮಂಕಾಗಿ ಸದ್ದು ಮಾಡುತ್ತದೆ ಎಂಬುದು ನಿಜ, ಅಂಥದ್ದನ್ನೂ ಬಿಡುವುದೇ ಲೇಸು. ಕಣ್ಣಿಗೂ ಕೆಲವು ಗುರುತು ಸಿಗುತ್ತವೆ. ಎರಕದ ತಲೆಯ ಮೈ ಬಣ್ಣದ ಕೆಳಗೂ ಮರಳು ಮರಳಾಗಿರುತ್ತದೆ. ಬಡಿದು ಮಾಡಿದ್ದರ ಮೈ ನುಣುಪು, ಅಚ್ಚುಗಳ ನಡುವಿನಿಂದ ಹೊರಚಿಮ್ಮಿದ ಲೋಹವನ್ನು ಉಜ್ಜಿ ತೆಗೆದ ಅಗಲವಾದ ಗೆರೆ ಬದಿಯಲ್ಲಿ ಕಾಣಬಹುದು. ‘ಡ್ರಾಪ್ ಫೋರ್ಜ್ಡ್’ (ಅಚ್ಚಿನಲ್ಲಿ ಬಡಿದು ಮಾಡಿದ್ದು) ಎಂಬ ಬರಹ, ತಯಾರಕರ ಹೆಸರು, ತೂಕ ಇವನ್ನು ತಲೆಯ ಮೇಲೇ ಒತ್ತಿದ್ದರೆ ಒಳ್ಳೆಯ ಲಕ್ಷಣ. ಚೀಟಿಯ ಮೇಲೆ ಮಾತ್ರ ಇದ್ದರೆ ಚೀಟಿಗೆ ಎಷ್ಟು ಬೆಲೆಯೋ ಅಷ್ಟೇ. ಉಕ್ಕಿನ ಸುತ್ತಿಗೆಗಳಿಗೆಂದೇ ಐಎಸ್ 841 ಎಂಬ ಭಾರತೀಯ ಮಾನಕವೂ ಇದೆ, ಅದರ ಉಲ್ಲೇಖ ಕಂಡರೆ ಅರ್ಧ ಚಿಂತೆ ಕಳೆದಂತೆ.

ಮುಖವನ್ನೂ ಒಮ್ಮೆ ಬೆರಳಿನಿಂದ ಸವರಿ ನೋಡಿ. ನಡುವೆ ತೀರ ಅಲ್ಪ ಉಬ್ಬು, ಅಂಚಿನ ಸುತ್ತ ಸಣ್ಣ ಇಳಿಜಾರು ಇರಬೇಕು. ಅಂಚು ಚೂಪಾಗಿದ್ದರೆ ಓರೆ ಏಟು ಬಿದ್ದಾಗ ಅಲ್ಲಿಂದಲೇ ಚಕ್ಕೆ ಹಾರುತ್ತದೆ. ಮುಖದ ಮೇಲೆ ಚೌಕುಳಿ ಕೆತ್ತಿದ ಸುತ್ತಿಗೆಗಳೂ ಬರುತ್ತವೆ, ಅವು ಮರದ ಚೌಕಟ್ಟು ಕಟ್ಟುವವರಿಗೆ. ಮನೆಯ ಕಪಾಟಿನ ಮೇಲೆ ಅದರ ಗುರುತು ಬಿದ್ದರೆ ಹೋಗುವುದಿಲ್ಲ. ಪಂಜ ತುಸು ಬಾಗಿದ್ದು, ಅದರ ಸಂದು ಬುಡದಲ್ಲಿ ಕಿರಿದಾಗುತ್ತಾ ಹೋಗಿ ಸಣ್ಣ ಮೊಳೆಯನ್ನೂ ಕಚ್ಚುವಂತಿರಬೇಕು. ಅಂಗಡಿಯಲ್ಲೇ ಒಂದು ಮೊಳೆ ತೂರಿಸಿ ನೋಡಬಹುದು, ಯಾರೂ ಬೇಡ ಎನ್ನುವುದಿಲ್ಲ.

ಹಿಡಿಯ ವಿಷಯಕ್ಕೆ ಬಂದರೆ ನಾನು ಪಕ್ಷಪಾತಿ. ಮರದ ಹಿಡಿಯೇ ಆಗಬೇಕು ಎನ್ನುವವನು. ಉಕ್ಕಿನ ಕೊಳವೆಗೆ ರಬ್ಬರ್ ಹೊದಿಸಿದ್ದು ಅಂಗಡಿಯಲ್ಲಿ ಚೆಂದ ಕಾಣುತ್ತದೆ, ತಲೆ ಕಳಚುವ ಭಯವೂ ಕಡಿಮೆ. ಆದರೆ ಏಟಿನ ಅದುರು ನೇರವಾಗಿ ಮೊಣಕೈಗೆ ಬರುತ್ತದೆ, ಅಗ್ಗದ ರಬ್ಬರ್ ಕೆಲವು ಬೇಸಿಗೆ ಕಂಡ ಮೇಲೆ ಅಂಟಂಟಾಗಿ ಕೈಯೊಳಗೆ ತಿರುಗತೊಡಗುತ್ತದೆ. ಫೈಬರ್‌ಗ್ಲಾಸ್ ಹಿಡಿ ಇವೆರಡರ ನಡುವಿನದು. ಅದುರು ಕಡಿಮೆ, ಮಳೆಗೆ ಉಬ್ಬುವುದಿಲ್ಲ, ಬಿಸಿಲಿಗೆ ಕುಗ್ಗುವುದಿಲ್ಲ. ಮುರಿದರೆ ಮಾತ್ರ ಇಡೀ ಸುತ್ತಿಗೆ ಹೋದ ಹಾಗೆಯೇ. ಮರದ ಹಿಡಿ ಮುರಿದರೆ ಇನ್ನೊಂದು ಹಾಕಿಸಬಹುದು. ನಮ್ಮ ಕಡೆ ಕೊಡಲಿಯ ಕಾವಿಗೂ ಬಂಡಿಯ ಗಾಲಿಗೂ ಹೊಂದುವ ಕರಿಜಾಲಿ ಮರಕ್ಕೆ ಬರವಿಲ್ಲ. ಮರದ ಹಿಡಿ ಕೊಳ್ಳುವಾಗ ಅದರ ಎಳೆಗಳನ್ನು ನೋಡಿ. ಎಳೆ ಹಿಡಿಯ ಉದ್ದಕ್ಕೂ ಓಡಬೇಕು. ಅಡ್ಡಡ್ಡ ಹೊರಟು ಅಂಚಿನಲ್ಲಿ ಮುಗಿದರೆ ಅಲ್ಲಿಯೇ ಒಂದು ದಿನ ಸೀಳುತ್ತದೆ. ಗಂಟು ಇರಬಾರದು. ದಪ್ಪ ಬಣ್ಣ ಬಳಿದಿದ್ದರೆ ಏನೋ ಮುಚ್ಚಿಟ್ಟಿದ್ದಾರೆ ಎಂದೇ ತಿಳಿಯುವುದು ಕ್ಷೇಮ. ತಲೆಯ ಕಣ್ಣಿನೊಳಗೆ ಮೇಲಿನಿಂದ ಇಣುಕಿದರೆ ಹಿಡಿಯ ತುದಿಯನ್ನು ಅಗಲಿಸಿ ಬಿಗಿಗೊಳಿಸಿದ ಬೆಣೆ ಕಾಣಬೇಕು. ಬೆಣೆಯ ಸುತ್ತ ಗಾಳಿ ಆಡುವಷ್ಟು ಸಂದಿದ್ದರೆ ಬೇರೆಯದನ್ನು ತೆಗೆಸಿ.

ಬೆಳಗಾವಿಯ ಹವೆ ಮರದ ಹಿಡಿಯನ್ನು ಚೆನ್ನಾಗಿಯೇ ಪರೀಕ್ಷಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯ ಕಡೆಯಿಂದ ಬಿಡದೆ ಸುರಿಯುವ ಮಳೆ, ಗೋಡೆಯೂ ಬೆವರುವ ತೇವ. ಬಾಗಿಲುಗಳ ಹಾಗೆ ಹಿಡಿಯೂ ನೀರುಂಡು ಉಬ್ಬುತ್ತದೆ. ಉಬ್ಬಿದ ಮರ ಕಬ್ಬಿಣದ ಕಣ್ಣಿಗೆ ಒತ್ತಿಕೊಂಡು ತನ್ನ ಎಳೆಗಳನ್ನು ತಾನೇ ಜಜ್ಜಿಕೊಳ್ಳುತ್ತದೆ. ಮಾರ್ಚ್-ಏಪ್ರಿಲ್‌ನ ಒಣಹವೆಗೆ ಕುಗ್ಗಿದಾಗ ಮೊದಲಿಗಿಂತ ತೆಳ್ಳಗಾಗಿರುತ್ತದೆ, ತಲೆ ಅಲುಗಾಡತೊಡಗುತ್ತದೆ. ಬಕೆಟ್ ನೀರಿನಲ್ಲಿ ಮುಳುಗಿಸಿಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಅದು ಆ ದಿನದ ಮಟ್ಟಿಗೆ ಬಿಗಿ ಮಾಡಿ ಮರುವಾರ ಇನ್ನಷ್ಟು ಸಡಿಲ ಮಾಡುತ್ತದೆ.

ಕಮ್ಮಾರರು ಮಾಡುವ ಉಪಾಯ ಬೇರೆ, ನೋಡಲೂ ಸೊಗಸು. ಸಡಿಲಾದ ಸುತ್ತಿಗೆಯನ್ನು ತಲೆ ಕೆಳಗಾಗಿ, ನೆಲಕ್ಕೆ ತಾಗದಂತೆ ಎಡಗೈಯಲ್ಲಿ ಹಿಡಿಯುತ್ತಾರೆ. ಬಲಗೈಯ ಇನ್ನೊಂದು ಸುತ್ತಿಗೆಯಿಂದ ಹಿಡಿಯ ಬುಡಕ್ಕೆ ಮೇಲಿನಿಂದ ಏಟು ಹಾಕುತ್ತಾರೆ. ಹೀಗೆ ಹೊಡೆದರೆ ತಲೆ ಕಳಚಿ ಕಾಲ ಮೇಲೆ ಬೀಳುತ್ತದೆ ಎಂದು ನೋಡುವವರಿಗೆ ಅನಿಸುತ್ತದೆ. ಆಗುವುದು ತಿರುಗಾಮುರುಗಾ. ಒಂದೊಂದು ಏಟಿಗೂ ತಲೆ ಹಿಡಿಯಗುಂಟ ಮೇಲೆ ಹತ್ತುತ್ತದೆ. ಭಾರವಾದ ತಲೆ ತಾನಿದ್ದಲ್ಲೇ ಇರಲು ನೋಡುತ್ತದೆ, ಹಗುರವಾದ ಹಿಡಿ ಅದರೊಳಗಿಂದ ಕೆಳಕ್ಕೆ ಜಾರುತ್ತದೆ. ಜಡತ್ವದ ಪಾಠ ಕುಲುಮೆಯಲ್ಲಿ ಕಂಡಷ್ಟು ಚೆನ್ನಾಗಿ ಶಾಲೆಯಲ್ಲಿ ನನಗೆ ಕಂಡಿರಲಿಲ್ಲ. ಬಿಗಿಯಾದ ಮೇಲೆ ಹೊರಬಂದ ತುದಿಯನ್ನು ಗರಗಸದಿಂದ ಸವರಿ, ಹೊಸ ಬೆಣೆ ಬಡಿದರೆ ಮುಗಿಯಿತು. ತಲೆ ಸಡಿಲವಿರುವ ಸುತ್ತಿಗೆಯನ್ನು ‘ಆಮೇಲೆ ನೋಡೋಣ’ ಎಂದು ಬೀಸುವುದು ಮಾತ್ರ ಬೇಡ. ಅರ್ಧ ಕಿಲೋ ಉಕ್ಕು ಎತ್ತ ಹಾರುತ್ತದೆ ಎಂದು ಹೇಳಲಾಗದು.

ಹಿಡಿ ಇಷ್ಟು ಬೇಗ ಕುಗ್ಗದಿರಬೇಕಾದರೆ ಮಳೆಗಾಲದ ಮೊದಲೊಮ್ಮೆ, ದೀಪಾವಳಿಯ ಹೊತ್ತಿಗೊಮ್ಮೆ ಅಗಸೆ ಎಣ್ಣೆ ಸವರಬೇಕು. ಅಗಸೆ ಹಿಂಡಿ ಇಲ್ಲದೆ ರೊಟ್ಟಿ ಇಳಿಯದ ನಮ್ಮ ಕಡೆಯವರಿಗೆ ಅಗಸೆಯ ಪರಿಚಯ ಮಾಡಿಕೊಡಬೇಕಿಲ್ಲ. ಆ ಎಣ್ಣೆ ಗಾಳಿಗೆ ಮೆಲ್ಲಗೆ ಗಟ್ಟಿಯಾಗಿ ಮರದ ರಂಧ್ರಗಳಲ್ಲಿ ಕೂರುತ್ತದೆ, ತೇವ ಬೇಗ ಒಳಹೋಗಲು ಬಿಡುವುದಿಲ್ಲ. ಬಣ್ಣದಂಗಡಿಯಲ್ಲಿ ಸಿಗುವುದನ್ನು ಅಡುಗೆಗೆ ಬಳಸಬಾರದು. ಇನ್ನೊಂದು ಎಚ್ಚರವೂ ಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಎಣ್ಣೆ ಒಣಗುವಾಗಿನ ಕಾವು ಒಳಗೇ ಕೂಡಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ಹರವಿ ಹೊರಗೆ ಒಣಗಿಸಬೇಕು.

ಬೆಲೆ. ಬೆಳಗಾವಿ ಪೇಟೆಯಲ್ಲಿ ಈಚೆಗೆ ವಿಚಾರಿಸಿದಾಗ ಬೀಡಿನದು 100ರಿಂದ 150 ರೂಪಾಯಿ, ಹೆಸರಾಂತ ದೇಶೀ ತಯಾರಕರ ಉಕ್ಕಿನದು 300ರಿಂದ 450ರೊಳಗೆ, ಫೈಬರ್‌ಗ್ಲಾಸ್ ಹಿಡಿಯ ಅಥವಾ ವಿದೇಶೀ ಹೆಸರಿನದು ಅದಕ್ಕೂ ಮೇಲೆ. ಕೆಳಗಿನ ಮೆಟ್ಟಿಲಿಗೂ ನಡುವಿನ ಮೆಟ್ಟಿಲಿಗೂ ಇರುವ ಅಂತರ ಲೋಹದ್ದು. ನಡುವಿನಿಂದ ಮೇಲಕ್ಕೆ ಹೋದರೆ ಸಿಗುವುದು ದಿನವಿಡೀ ಬಡಿಯುವವರಿಗೆ ಬೇಕಾದ ಸುಖ. ಮನೆಯವರಿಗೆ ನಡುವಿನದು ಸಾಕು. ಇಪ್ಪತ್ತು ಮೂವತ್ತು ಸಾಮಾನು ತುಂಬಿದ ಪೆಟ್ಟಿಗೆಯನ್ನು ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿ, ಅದರೊಳಗಿನ ಸುತ್ತಿಗೆಯನ್ನೇ ನೆಚ್ಚುವವರ ಬಗ್ಗೆ ನನಗೆ ಮರುಕವಿದೆ. ಆ ಪೆಟ್ಟಿಗೆಯಲ್ಲಿ ಸುತ್ತಿಗೆಯ ಪಾಲಿಗೆ ಎಷ್ಟು ದುಡ್ಡು ಬಂದಿರಬಹುದು ಎಂದು ಭಾಗಿಸಿ ನೋಡಿದರೆ ಸಾಕು.

ಒಳ್ಳೆಯ ಸುತ್ತಿಗೆ ಬಂದ ಮೇಲೂ ಅದರ ಕೈಲಾಗದ ಕೆಲಸಗಳಿವೆ. ಕಾಂಕ್ರೀಟಿನ ಕಂಬ, ತೊಲೆಗಳಿಗೆ ಮೊಳೆ ಹೊಡೆಯಲು ಹೋಗಬೇಡಿ. ಕಾಂಕ್ರೀಟಿಗೆಂದು ಮಾರುವ ಕಪ್ಪು ಮೊಳೆಗಳು ಗಡಸು ಉಕ್ಕಿನವು. ಗಡಸು ಮೊಳೆಗೆ ಗಡಸು ಮುಖ ಬಡಿದಾಗ ಎರಡರಲ್ಲಿ ಒಂದು ಚಕ್ಕೆ ಎದ್ದು ಕಣ್ಣಿನತ್ತ ಹಾರಬಹುದು. ಸುತ್ತಿಗೆಗೆ ಸುತ್ತಿಗೆ ಬಡಿಯಬಾರದೆಂಬುದೂ ಇದೇ ಕಾರಣಕ್ಕೆ. ಕಮ್ಮಾರರು ಹೊಡೆಯುವುದು ಮರದ ಬುಡಕ್ಕೆ ಎಂಬುದನ್ನು ಮರೆಯಬಾರದು. ಕಂಬಕ್ಕೆ ಏನಾದರೂ ನೇತುಹಾಕಲೇಬೇಕೆಂದರೆ ಡ್ರಿಲ್ ಇರುವವರನ್ನು ಕರೆಸಿ ತೂತು ಕೊರೆಸಿ, ಪ್ಲಗ್ ಹಾಕಿ ಸ್ಕ್ರೂ ಬಿಗಿಸುವುದೇ ಸರಿ. ಜಂಬಿಟ್ಟಿಗೆಯ ಹಳೆಯ ಗೋಡೆಯದು ಇನ್ನೊಂದು ಕಥೆ. ಅಲ್ಲಿ ಮೊಳೆ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ, ಅಷ್ಟೇ ಸಲೀಸಾಗಿ ಪಟದ ಸಮೇತ ಈಚೆಗೂ ಬರುತ್ತದೆ. ಮರದ ತುಂಡೊಂದನ್ನು ಗೋಡೆಯೊಳಗೆ ಬಿಗಿಯಾಗಿ ಕೂರಿಸಿ ಅದಕ್ಕೆ ಮೊಳೆ ಹೊಡೆಯಬೇಕು, ಹಳಬರು ಗೂಟ ಕೂರಿಸುತ್ತಿದ್ದ ಕ್ರಮದಲ್ಲಿಯೇ.

ಮನೆಯಲ್ಲಿ ಈಗಾಗಲೇ ಒಂದು ಬೀಡಿನ ಸುತ್ತಿಗೆ ಇದ್ದರೆ ಎಸೆಯಬೇಕಿಲ್ಲ. ಮಹಾಲಿಂಗಪುರದ ಕಡೆಯಿಂದ ಬರುವ ಬೆಲ್ಲದ ಪೆಂಟೆ ಒಡೆಯಲು ಅದಕ್ಕಿಂತ ಮೇಲಿನದು ಬೇಡ. ಬಣ್ಣದ ಚೂರು ಬೆಲ್ಲಕ್ಕೆ ಸೇರದಂತೆ ಪೆಂಟೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಹೊಡೆದರಾಯಿತು.